ಒಂಟೆ ಹಲ್ಲೋ, ಎತ್ತಿನ ಹಲ್ಲೋ? ಕಲ್ಲಾದ ಹಲ್ಲಿಗೂ ಒಂದು ವಿಳಾಸ ಬೇಕು

ಸೊಲ್ಲಾಪುರ: ಒಂಟೆ ಅಂದ ಕೂಡಲೇ ನಮ್ಮ ಮಂದಿಗೆ ನೆನಪಾಗುವುದು ರಾಜಸ್ಥಾನದ ಮರಳುಗಾಡು, ಅರಬ್ ದೇಶ, ಇಲ್ಲವೇ ಜಾತ್ರೆಯಲ್ಲಿ ಹತ್ತು ರೂಪಾಯಿ ಇಸಿದುಕೊಂಡು ಮಕ್ಕಳನ್ನು ಕೂಡಿಸಿ ಒಂದು ಸುತ್ತು ಹಾಕಿಸುವ ಒಂಟೆ. ಆದರೆ ಒಂಟೆಯ ತವರುಮನೆ ಇದ್ಯಾವುದೂ ಅಲ್ಲ. ಅದು ಉತ್ತರ ಅಮೆರಿಕ. ಅಲ್ಲಿ ಹುಟ್ಟಿ, ಅಲ್ಲಿಂದ ಹೊರಬಿದ್ದು, ಕಡೆಗೆ ಹುಟ್ಟಿದ ನೆಲದಲ್ಲೇ ಹೆಸರಿಲ್ಲದಂತಾದ ಪ್ರಾಣಿ ಇದು.

ಇದನ್ನು ಹೇಳಿದ್ದು ಯಾವ ಪುರಾಣವೂ ಅಲ್ಲ, ಶಾಸನವೂ ಅಲ್ಲ. ನೆಲದಲ್ಲಿ ಸಿಕ್ಕ ಎಲುಬು ಮತ್ತು ಹಲ್ಲು. ಅದರಲ್ಲೂ ಹಲ್ಲು. ಮೈಯೊಳಗಿನ ಪದಾರ್ಥಗಳಲ್ಲಿ ಹಲ್ಲಿನ ಮೇಲಿನ ಬಿಳಿ ಎನಾಮಲ್ ಎಲ್ಲಕ್ಕಿಂತ ಗಟ್ಟಿ. ಅದರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಖನಿಜವೇ. ಎಲುಬು ಕರಗಿ ಹೋದರೂ ಹಲ್ಲು ಉಳಿಯುತ್ತದೆ. ಮರಾಠಿಯಲ್ಲಿ 'ದಾಢ' ಅಂತೀವಲ್ಲ, ಆ ದವಡೆ ಹಲ್ಲು ಒಂದು ಕೈಗೆ ಸಿಕ್ಕರೆ ಸಾಕು, ತಿಳಿದವರು ಪ್ರಾಣಿಯ ಕುಲಗೋತ್ರ ಹೇಳುತ್ತಾರೆ. ಹೇಗೆ ಹೇಳುತ್ತಾರೆ, ಅದರಿಂದ ಯಾರಿಗೆ ಏನು ಲಾಭ, ಭೀಮೆ, ಕೃಷ್ಣೆಯ ದಂಡೆಯಲ್ಲಿರುವ ನಮಗೂ ಇದಕ್ಕೂ ಏನು ಸಂಬಂಧ ಎಂಬುದೇ ಈ ಬರಹದ ವಿಷಯ.

ಹಲ್ಲಿನ ಚೂರು ತಿದ್ದಿದ ಲೆಕ್ಕ

ಅಮೆರಿಕದ ಆರಿಗಾನ್ ರಾಜ್ಯದ ಪೂರ್ವ ಭಾಗದಲ್ಲಿ ರಿಮ್‌ರಾಕ್ ಡ್ರಾ ಎಂಬ ಕಡೆ ಒಂದು ಕಲ್ಲಿನ ಆಸರೆ ಇದೆ. ಗವಿ ಅನ್ನುವಷ್ಟು ಆಳವಿಲ್ಲ, ಬಂಡೆ ಮುಂದೆ ಚಾಚಿ ನೆರಳು ಕೊಡುವ ಜಾಗ. ಆರಿಗಾನ್ ವಿಶ್ವವಿದ್ಯಾಲಯದ ಪುರಾತತ್ವಜ್ಞ ಪ್ಯಾಟ್ರಿಕ್ ಓಗ್ರೇಡಿ ಅವರ ತಂಡ 2011ರಿಂದ ಅಲ್ಲಿ ಉತ್ಖನನ ನಡೆಸಿತು. ನೆಲದೊಳಗೆ ಜ್ವಾಲಾಮುಖಿಯ ಬೂದಿಯ ಒಂದು ಪದರ ಸಿಕ್ಕಿತು. ಸೇಂಟ್ ಹೆಲೆನ್ಸ್ ಬೆಟ್ಟ 15,000 ವರ್ಷಕ್ಕೂ ಹಿಂದೆ ಸಿಡಿದಾಗ ಬಂದು ಬಿದ್ದ ಬೂದಿ ಅದು. ಆ ಬೂದಿಯ ಕೆಳಗೆ ಒಂಟೆ ಮತ್ತು ಬೈಸನ್ ಎಂಬ ಕಾಡುಕೋಣದ ಹಲ್ಲಿನ ಎನಾಮಲ್ ಚೂರುಗಳು ದೊರೆತವು. ಕಿತ್ತಳೆ ಬಣ್ಣದ ಅಗೇಟ್ ಕಲ್ಲಿನಿಂದ ಮನುಷ್ಯರು ಮಾಡಿದ, ಚರ್ಮ ಕೆರೆಯುವ ಉಪಕರಣಗಳೂ ಸಿಕ್ಕವು.

ಹಲ್ಲಿನ ಚೂರನ್ನು ರೇಡಿಯೊಕಾರ್ಬನ್ ಪರೀಕ್ಷೆಗೆ ಕಳಿಸಿದರು. 2018ರಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ ಬಂದ ಉತ್ತರ ಒಂದೇ: ಸುಮಾರು 18,250 ವರ್ಷ. ಉಪಕರಣಗಳು ಅದಕ್ಕಿಂತಲೂ ಹಳೆಯವು ಇರಬಹುದು ಎಂಬುದು ತಂಡದ ಅಭಿಪ್ರಾಯ. ಅಮೆರಿಕ ಖಂಡಕ್ಕೆ ಮನುಷ್ಯರು ಬಂದು ಸುಮಾರು 13,000 ವರ್ಷ ಆಯಿತು ಎಂದು ಶಾಲೆಯ ಪುಸ್ತಕಗಳು ಬಹಳ ಕಾಲ ಹೇಳುತ್ತ ಬಂದಿದ್ದವು. ನ್ಯೂ ಮೆಕ್ಸಿಕೊ ರಾಜ್ಯದ ವೈಟ್ ಸ್ಯಾಂಡ್ಸ್ ಎಂಬಲ್ಲಿಯ ಹೆಜ್ಜೆ ಗುರುತುಗಳು 21,000 ವರ್ಷಕ್ಕೂ ಹಳೆಯವು ಎಂದು 2021ರಲ್ಲಿ ಪ್ರಕಟವಾದ ಮೇಲೆ ಆ ಲೆಕ್ಕ ಅಲುಗಾಡಿತ್ತು. ಒಂಟೆಯ ಹಲ್ಲು ಅದೇ ದಿಕ್ಕಿನಲ್ಲಿ ಇನ್ನೊಂದು ಸಾಕ್ಷಿ ಹೇಳಿತು. ಒಂದೆರಡು ಚೂರಿನಿಂದ ತೀರ್ಪು ಕೊಡಬಾರದು, ಇನ್ನಷ್ಟು ಪರೀಕ್ಷೆ ಬೇಕು ಅನ್ನುವುದೂ ನ್ಯಾಯವೇ.

ಇಲ್ಲಿ ಗಮನಿಸಬೇಕಾದ ಮಾತು ಇಷ್ಟು. ಅದೇ ಹಲ್ಲಿನ ಚೂರನ್ನು ಯಾರಾದರೂ ಕಿಸೆಯಲ್ಲಿ ಹಾಕಿಕೊಂಡು ಮನೆಗೆ ಒಯ್ದಿದ್ದರೆ? ಹಲ್ಲಿನ ವಯಸ್ಸೇನೋ ಆಮೇಲೂ ತಿಳಿಯುತ್ತಿತ್ತು. ಆದರೆ ಬೂದಿಯ ಕೆಳಗಿತ್ತೋ ಮೇಲಿತ್ತೋ, ಕಲ್ಲಿನ ಉಪಕರಣದ ಹತ್ತಿರವಿತ್ತೋ ದೂರವಿತ್ತೋ ಎಂಬುದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಗ ಅದು ಸತ್ತ ಒಂಟೆಯ ಹಲ್ಲು ಮಾತ್ರ ಆಗಿ ಉಳಿಯುತ್ತಿತ್ತು. ಮನುಷ್ಯರ ಬಗ್ಗೆ ಒಂದು ಮಾತನ್ನೂ ಹೇಳುತ್ತಿರಲಿಲ್ಲ.

ತವರು ಬಿಟ್ಟ ಒಂಟೆ

ಒಂಟೆಯ ವಂಶ ಉತ್ತರ ಅಮೆರಿಕದಲ್ಲಿ ಕಾಣಿಸಿಕೊಂಡಿದ್ದು 4 ಕೋಟಿ ವರ್ಷಗಳಿಗೂ ಹಿಂದೆ. ಮೊದಮೊದಲಿನ ಒಂಟೆಗಳು ಕುರಿ, ಆಡಿನ ಗಾತ್ರದವು. ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಒಂದು ಕವಲು ಬೇರಿಂಗ್ ಭೂಸೇತುವೆ ದಾಟಿ ಏಷ್ಯಾಕ್ಕೆ ಬಂತು. ಇಂದಿನ ಒಂದು ಡುಬ್ಬದ ಒಂಟೆ, ಲಡಾಖಿನ ನುಬ್ರಾ ಕಣಿವೆಯಲ್ಲಿ ಕಾಣುವ ಎರಡು ಡುಬ್ಬದ ಒಂಟೆ ಆ ಕವಲಿನವು. ಇನ್ನೊಂದು ಕವಲು ದಕ್ಷಿಣ ಅಮೆರಿಕಕ್ಕೆ ಇಳಿಯಿತು. ಲಾಮಾ, ಅಲ್ಪಾಕಾ, ಗ್ವನಾಕೊ, ವಿಕೂನ್ಯಾ ಆ ಕಡೆಯ ದಾಯಾದಿಗಳು. ಡುಬ್ಬವಿಲ್ಲ, ಉಣ್ಣೆ ಉಂಟು.

ತವರಿನಲ್ಲೇ ಉಳಿದವುಗಳಲ್ಲಿ ಕಡೆಯದು ಕ್ಯಾಮೆಲಾಪ್ಸ್. ಭುಜದ ಎತ್ತರ ಸುಮಾರು 7 ಅಡಿ. ಇಂದಿನ ಒಂಟೆಗಿಂತ ಒಂದು ಕೈ ಮೇಲೇ. ಅದಕ್ಕೆ ಡುಬ್ಬ ಇತ್ತೋ ಇಲ್ಲವೋ ಎಲುಬು ಹೇಳುವುದಿಲ್ಲ, ಯಾಕಂದ್ರೆ ಡುಬ್ಬ ಬರೀ ಕೊಬ್ಬು. ಹಿಮಯುಗ ಮುಗಿಯುವ ಹೊತ್ತಿಗೆ, ಹೆಚ್ಚುಕಡಿಮೆ 12-13 ಸಾವಿರ ವರ್ಷಗಳ ಹಿಂದೆ ಅದೂ ಅಳಿಯಿತು. ಹವಾಮಾನ ಬದಲಾಗಿ ಮೇವು ಕೆಟ್ಟಿತು ಎಂಬುದು ಒಂದು ವಾದ, ಮನುಷ್ಯರ ಬೇಟೆ ಎಂಬುದು ಇನ್ನೊಂದು. ಕೆನಡಾದ ಆಲ್ಬರ್ಟಾದಲ್ಲಿ ವಾಲೀಸ್ ಬೀಚ್ ಎಂಬ ಕಡೆ ಸುಮಾರು 13,300 ವರ್ಷ ಹಿಂದೆ ಮನುಷ್ಯರು ಕುದುರೆಗಳ ಜೊತೆ ಒಂಟೆಯನ್ನೂ ಕೊಂದು ಕಡಿದ ಗುರುತು ಸಿಕ್ಕಿದೆ. ತಮಾಷೆ ಎಂದರೆ, 1856ರಲ್ಲಿ ಅಮೆರಿಕದ ಸೇನೆ ಸಾಮಾನು ಹೊರಲು ಹಡಗಿನಲ್ಲಿ ಒಂಟೆ ತರಿಸಿ ಟೆಕ್ಸಾಸ್‌ನಲ್ಲಿ ಇಳಿಸಿತು. ತವರಿಗೆ ಬಂದ ಮಗಳನ್ನು ಗುರುತಿಸುವವರು ಅಲ್ಲಿ ಯಾರೂ ಉಳಿದಿರಲಿಲ್ಲ.

ಹಲ್ಲು ಓದುವ ಬಗೆ

ನದಿ ದಂಡೆಯಲ್ಲೋ, ಕಂಕರಿನ ಖಣಿಯಲ್ಲೋ ಒಂದು ದೊಡ್ಡ ದವಡೆ ಹಲ್ಲು ಸಿಕ್ಕಿತು ಅನ್ನಿ. ಬಲ್ಲವರು ಅದನ್ನು ನೋಡುವ ಕ್ರಮ ಅಂಗಡಿಯ ಲೆಕ್ಕ ತಾಳೆ ನೋಡಿದಂತೆ. ಒಂದೊಂದೇ ಬಾಬತ್ತು ತೆಗೆದುಹಾಕುತ್ತ ಬಂದರೆ ಕಡೆಗೆ ಉಳಿದದ್ದೇ ಉತ್ತರ.

ಮೊದಲು ಅರೆಯುವ ಮುಖ ನೋಡಬೇಕು. ಹಂದಿಯ ಹಲ್ಲಿನಲ್ಲಿ ಗುಬ್ಬಿ ಗುಬ್ಬಿಯಾಗಿ ಉಬ್ಬು ಇರುತ್ತವೆ. ಆನೆಯ ಹಲ್ಲಿನಲ್ಲಿ ತಟ್ಟೆ ಜೋಡಿಸಿದಂತೆ ಅಡ್ಡ ಪಟ್ಟಿಗಳು. ಕುದುರೆಯದು ಚೌಕಾದ, ಉದ್ದನೆಯ ಹಲ್ಲು. ಮೇಲೆ ಎನಾಮಲ್ಲಿನ ಗೆರೆ ರಂಗೋಲಿಯಂತೆ ಸುತ್ತಿ ಸುತ್ತಿ ಹೋಗಿರುತ್ತದೆ. ಒಂಟೆ, ಎತ್ತು, ಎಮ್ಮೆ, ಕುರಿ, ಜಿಂಕೆ, ಇವೆಲ್ಲವುದರಲ್ಲಿ ಕಾಣುವುದು ಅರ್ಧಚಂದ್ರ. ಬಿದಿಗೆ ಚಂದ್ರನ ಆಕಾರದ ಎನಾಮಲ್ ಗೆರೆಗಳು ಜೋಡಿ ಜೋಡಿ.

ಚಂದ್ರ ಕಂಡಿತು ಅಂದರೆ ಮುಂದಿನ ಪ್ರಶ್ನೆ ಹಲ್ಲಿನ ಎತ್ತರ. ಜಿಂಕೆ ಜಾತಿಯ ಹಲ್ಲು ಗಿಡ್ಡ. ಒರಟು ಮೇವು ಜಗಿಯುವ ದನ, ಬೈಸನ್, ಕ್ಯಾಮೆಲಾಪ್ಸ್ ಇವುಗಳ ಹಲ್ಲು ಎತ್ತರ.

ಇನ್ನು ಅಸಲಿ ಪರೀಕ್ಷೆ. ದನದ ಹಲ್ಲಿನ ಪಕ್ಕ ನೋಡಿದರೆ ಎರಡು ಹಾಲೆಗಳ ನಡುವಿನ ಸಂದಿಯಲ್ಲಿ ಬುಡದಿಂದ ಮೇಲೆದ್ದ ಸಣ್ಣ ಕಂಬವೊಂದು ಕಾಣುತ್ತದೆ. ಕೆಳದವಡೆಯ ಹಲ್ಲಾದರೆ ಕೆನ್ನೆಯ ಕಡೆ, ಮೇಲ್ದವಡೆಯದಾದರೆ ನಾಲಿಗೆಯ ಕಡೆ. ಹಲ್ಲು ಸವೆದಾಗ ಅದೇ ಕಂಬ ಅರೆಯುವ ಮುಖದಲ್ಲಿ ಪುಟ್ಟ ಸುರುಳಿಯಾಗಿ ಕಾಣಿಸಿಕೊಳ್ಳುತ್ತದೆ. ಒಂಟೆಯ ಹಲ್ಲಿನಲ್ಲಿ ಆ ಕಂಬ ಇರುವುದಿಲ್ಲ. ಚಂದ್ರಗಳು ಸಾದಾ, ಗೋಡೆ ನೇರ. ಅಮೆರಿಕದಲ್ಲಿ ಬೈಸನ್ ಹಲ್ಲು ರಾಶಿ ರಾಶಿ ಸಿಗುತ್ತವೆ. ಅವುಗಳ ನಡುವೆ ಒಂಟೆಯ ಹಲ್ಲನ್ನು ಆರಿಸುವಾಗ ಮುಖ್ಯವಾಗಿ ನೋಡುವುದು ಈ ಕಂಬವನ್ನೇ.

ಮೋಸ ಹೋಗುವ ಜಾಗಗಳೂ ಇವೆ. ಕೆಳದವಡೆಯ ಕಡೆಯ ಹಲ್ಲಿಗೆ ಎರಡಲ್ಲ, ಮೂರು ಹಾಲೆ. ಅದನ್ನು ನೋಡಿ ಬೇರೆ ಪ್ರಾಣಿ ಅಂದುಕೊಳ್ಳಬಾರದು. ಕೆಳದವಡೆಯ ಒಂದು ಹಾಲುಹಲ್ಲಿಗೂ ಮೂರು ಹಾಲೆ ಇರುತ್ತವೆ, ಆದರೆ ಅದು ಸಣ್ಣದು, ಗಿಡ್ಡದು. ಕಪ್ಪಗಿದೆ, ಆದ್ದರಿಂದ ಬಹಳ ಹಳೆಯದು ಅನ್ನುವುದೂ ತಪ್ಪು. ಕೆಸರಿನಲ್ಲಿ ಬಿದ್ದ ಇತ್ತೀಚಿನ ಎಮ್ಮೆಯ ಹಲ್ಲು ಕೂಡ ಕಪ್ಪಾಗುತ್ತದೆ. ಬಣ್ಣ ಹೇಳುವುದು ಮಣ್ಣಿನ ಗುಣ, ವಯಸ್ಸನ್ನಲ್ಲ.

ಪೂರ್ತಿ ದವಡೆಯೇ ಸಿಕ್ಕರೆ ಕೆಲಸ ಹಗುರ. ದನಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ ಎಂಬುದು ಎತ್ತಿನ ಪೇಟೆಯಲ್ಲಿ ಬಾಯಿ ಬಿಡಿಸಿ ನೋಡಿದ ಪ್ರತಿ ರೈತನಿಗೂ ಗೊತ್ತು. ಒಂಟೆಗೆ ಅಲ್ಲಿ ಒಂದು ಜೊತೆ ಚೂಪು ಬಾಚಿ ಹಲ್ಲು ಇದೆ, ಕೋರೆಯೂ ಇದೆ. ದನಕ್ಕೆ ಒಟ್ಟು 32 ಹಲ್ಲಾದರೆ ಬೆಳೆದ ಒಂಟೆಗೆ 34. ಮೆಲುಕು ಎರಡೂ ಹಾಕುತ್ತವೆ. ಆದರೆ ದನದ ಹೊಟ್ಟೆಗೆ ನಾಲ್ಕು ಕೋಣೆ, ಒಂಟೆಗೆ ಮೂರು. ಒಂಟೆ ಬೇರೆ ದಾರಿಯಲ್ಲಿ ಬಂದ ಪ್ರಾಣಿ ಎಂಬುದಕ್ಕೆ ಅದೂ ಸಾಕ್ಷಿ.

ಎಲುಬು ಕಂಡು ದಾಯಾದಿ ತಪ್ಪಿತು

ಕ್ಯಾಮೆಲಾಪ್ಸ್ ಎಂಬ ಹೆಸರು ಇಟ್ಟವರು ಫಿಲಡೆಲ್ಫಿಯಾದ ಅಂಗರಚನಾ ತಜ್ಞ ಜೋಸೆಫ್ ಲೈಡಿ, 1854ರಲ್ಲಿ. ಅವರ ಮುಂದೆ ಇದ್ದದ್ದು ಕಾನ್ಸಾಸ್ ಕಡೆಯಿಂದ ಬಂದ ಮೇಲ್ದವಡೆಯ ಒಂದು ತುಂಡು. ಒಂಟೆಯ ಮೋರೆ ಎಂಬುದು ಆ ಹೆಸರಿನ ಅರ್ಥ. ಆಮೇಲೆ ಸಿಕ್ಕ ಎಲುಬು, ಹಲ್ಲುಗಳನ್ನು ಅಳೆದು ನೋಡಿದ ವಿದ್ವಾಂಸರಲ್ಲಿ ಹಲವರು ಇದು ಹೆಸರಿಗೆ ಒಂಟೆ, ನಿಜವಾಗಿ ಲಾಮಾ ಬಳಗದ್ದು ಎಂದು ತೀರ್ಮಾನಿಸಿದರು. ಬಹಳ ಕಾಲ ಅದೇ ನಡೆದು ಬಂತು.

ಕೆನಡಾದ ಯೂಕಾನ್‌ನಲ್ಲಿ ಚಿನ್ನದ ಗಣಿಗಾಗಿ ಹೆಪ್ಪುಗಟ್ಟಿದ ನೆಲ ಅಗೆಯುವಾಗ ಕ್ಯಾಮೆಲಾಪ್ಸ್ ಎಲುಬುಗಳು ದೊರೆತವು. ಚಳಿಯಲ್ಲಿ ಡಿಎನ್‌ಎ ಉಳಿದಿತ್ತು. 2015ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲವನ್ನೂ ಬದಲಿಸಿತು. ಕ್ಯಾಮೆಲಾಪ್ಸ್ ಲಾಮಾಕ್ಕಿಂತ ನಮ್ಮ ಕಡೆಯ ಒಂಟೆಗೇ ಹತ್ತಿರದ ನೆಂಟ. ಲೈಡಿ ಇಟ್ಟ ಹೆಸರೇ ಸರಿಹೋಯಿತು. ಹಲ್ಲು ಕುಲ ಹೇಳುತ್ತದೆ, ಸರಿ. ಆದರೆ ಕುಲದೊಳಗಿನ ದಾಯಾದಿ ಸಂಬಂಧ ಹೇಳಲು ಕೆಲವೊಮ್ಮೆ ಹಲ್ಲು ಸಾಲದು.

ಅದಕ್ಕೂ ಮುನ್ನ, 2013ರಲ್ಲಿ ಇನ್ನೊಂದು ಅಚ್ಚರಿ. ಉತ್ತರ ಧ್ರುವದ ಹತ್ತಿರ ಎಲ್ಸ್‌ಮೀರ್ ದ್ವೀಪದಲ್ಲಿ ಸಿಕ್ಕ ಸುಮಾರು 30 ಎಲುಬಿನ ಚೂರು ಜೋಡಿಸಿದರೆ ಅದು ಒಂದೇ ಕಾಲಿನ ಎಲುಬು. ಅದರಲ್ಲಿ ಉಳಿದಿದ್ದ ಕೊಲಾಜೆನ್ ಎಂಬ ಪ್ರೋಟೀನು ಪರೀಕ್ಷಿಸಿದಾಗ ಒಂಟೆ ಎಂದು ತಿಳಿಯಿತು. ವಯಸ್ಸು ಸುಮಾರು 35 ಲಕ್ಷ ವರ್ಷ. ಮರಳುಗಾಡಿನ ಹಡಗು ಎಂದು ನಾವು ಕರೆಯುವ ಪ್ರಾಣಿ ಒಂದು ಕಾಲಕ್ಕೆ ಧ್ರುವದ ಕಾಡಿನಲ್ಲಿ ಮೇಯುತ್ತಿತ್ತು.

ನಮ್ಮ ದೇಶದ ಹಳೇ ಒಂಟೆ

ಭಾರತದಲ್ಲೂ ಕಲ್ಲಾದ ಒಂಟೆ ಸಿಕ್ಕಿದೆ. ಹಿಮಾಲಯದ ಬುಡದ ಶಿವಾಲಿಕ್ ಗುಡ್ಡಗಳಲ್ಲಿ. ಸಹಾರನ್‌ಪುರದ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದ ಡಾಕ್ಟರ್ ಹ್ಯೂ ಫಾಲ್ಕನರ್, ಕಾಲುವೆ ಕೆಲಸದ ಎಂಜಿನಿಯರ್ ಪ್ರಾಬಿ ಕಾಟ್ಲಿ ಇಬ್ಬರೂ ಸೇರಿ 1830ರ ದಶಕದಲ್ಲಿ ಅಲ್ಲಿ ಸಾವಿರಾರು ಎಲುಬು ಕಲೆಹಾಕಿದರು. 1836ರಲ್ಲಿ ಕ್ಯಾಮೆಲಸ್ ಸಿವಾಲೆನ್ಸಿಸ್ ಎಂಬ ಹೆಸರಿನಲ್ಲಿ ಶಿವಾಲಿಕ್ ಒಂಟೆಯನ್ನು ಜಗತ್ತಿಗೆ ಪರಿಚಯಿಸಿದರು. ಮರುವರ್ಷವೇ ಲಂಡನ್ನಿನ ಭೂವಿಜ್ಞಾನ ಸಂಘದ ವೊಲಾಸ್ಟನ್ ಪದಕ ಇಬ್ಬರಿಗೂ ಸಂದಿತು. ಇದೇ ಕಾಟ್ಲಿ ಮುಂದೆ ಗಂಗಾ ಕಾಲುವೆ ಕಟ್ಟಿಸಿದವರು.

ಆಗ ಆ ಕಡೆ ತಾಳೆ ನೋಡಲು ಮ್ಯೂಸಿಯಂ ಇಲ್ಲ, ಪುಸ್ತಕ ಕಡಿಮೆ. ಫಾಲ್ಕನರ್ ಮಾಡಿದ ಉಪಾಯ ಸರಳ. ಸುತ್ತಮುತ್ತ ಬದುಕಿದ್ದ ಪ್ರಾಣಿಗಳ ಅಸ್ಥಿಪಂಜರಗಳನ್ನೇ ತಯಾರು ಮಾಡಿಟ್ಟುಕೊಂಡು, ಗುಡ್ಡದಲ್ಲಿ ಸಿಕ್ಕ ಕಲ್ಲಿನ ಎಲುಬನ್ನು ಅವುಗಳ ಪಕ್ಕ ಇಟ್ಟು ನೋಡುವುದು. ಇವತ್ತಿಗೂ ಹಲ್ಲು ಗುರುತಿಸುವ ವಿದ್ಯೆಯ ಬುನಾದಿ ಅದೇ. ಶಿವಾಲಿಕ್ ಒಂಟೆಯ ಕೆಳಹಲ್ಲಿನ ಮುಂದಿನ ಮೂಲೆಯಲ್ಲಿ ಲಾಮಾದ ಹಲ್ಲಿನಲ್ಲಿ ಇರುವಂಥ ನೆಟ್ಟನೆ ಏಣೊಂದು ಕಂಡುಬಂದಿದೆ. ಇಂದಿನ ಒಂಟೆಗೆ ಅದಿಲ್ಲ. ಒಂದೇ ಲಕ್ಷಣ ಹಿಡಿದು ನೆಂಟಸ್ತಿಕೆ ಕಟ್ಟಬಾರದು ಎಂಬುದಕ್ಕೆ ಇದೂ ಒಂದು ಉದಾಹರಣೆ.

ಆ ಕಾಲದ ಸಂಗ್ರಹದ ದೊಡ್ಡ ಪಾಲು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿತು. ಇಲ್ಲೇ ನೋಡಬೇಕು ಅನ್ನುವವರಿಗೆ ಹಿಮಾಚಲ ಪ್ರದೇಶದ ಸಿರ್ಮೌರ್ ಜಿಲ್ಲೆಯ ಸುಕೇತಿಯಲ್ಲಿ 1974ರಲ್ಲಿ ಆರಂಭವಾದ ಶಿವಾಲಿಕ್ ಪಳೆಯುಳಿಕೆ ಉದ್ಯಾನವಿದೆ.

ಭೀಮೆ, ಕೃಷ್ಣೆಯ ದಂಡೆಗೆ ಬಂದರೆ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ನಮ್ಮ ಕಾಲಡಿಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ. ಆಗ ಒಂಟೆಯ ವಂಶವೇ ಹುಟ್ಟಿರಲಿಲ್ಲ. ಆದ್ದರಿಂದ ಬಾವಿ ತೋಡುವಾಗ ಗಟ್ಟಿ ಕರಿಕಲ್ಲಿನೊಳಗೆ ಒಂಟೆ, ಆನೆ, ಎತ್ತಿನ ಹಲ್ಲು ಹುಡುಕಿ ಫಾಯದೆ ಇಲ್ಲ. ಹೊಳೆ ತಂದು ಹಾಸಿದ ಮಣ್ಣು, ಉಸುಕು, ಕಂಕರಿನ ಹಳೇ ಪದರಗಳ ಮಾತು ಬೇರೆ. ಗೋದಾವರಿ, ಮಾಂಜರಾ ಕಣಿವೆಗಳ ಇಂಥ ಪದರಗಳಲ್ಲಿ ಹಳೆಯ ಆನೆ, ಕಾಡೆತ್ತುಗಳ ಪಳೆಯುಳಿಕೆ ಸಿಕ್ಕಿವೆ.

ಗಡಿಯ ಆಚೆಗೆ ಹೋದರೆ ಬೆಳಗಾವಿ ಜಿಲ್ಲೆಯ ಗೋಕಾಕ. ಅದರ ಹತ್ತಿರದ ಚಿಕ್ಕದೌಲಿಯಲ್ಲಿ ಸಿಕ್ಕ ಎಲುಬು, ಹಲ್ಲುಗಳನ್ನು ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಪರೀಕ್ಷಿಸಿದರು. ಅದು ಘೇಂಡಾಮೃಗ! 1874ರಲ್ಲಿ ರೈನೋಸೆರಸ್ ಡೆಕ್ಕನೆನ್ಸಿಸ್, ಅಂದರೆ ದಖ್ಖನದ ಘೇಂಡಾಮೃಗ, ಎಂದು ಹೆಸರಿಟ್ಟರು. 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಹಳೇ ಶಿಲಾಯುಗದ ಉಪಕರಣ ಗುರುತಿಸಿದ ಫೂಟ್ ಇವರೇ. ಇವತ್ತು ಗೋಕಾಕ ಅಂದರೆ ಕರದಂಟು ಮತ್ತು ಜಲಪಾತ. ಒಂದು ಕಾಲಕ್ಕೆ ಅಲ್ಲಿ ಘೇಂಡಾಮೃಗ ತಿರುಗುವಷ್ಟು ಹುಲ್ಲು, ಕೆಸರು ಇತ್ತು ಎಂಬುದನ್ನು ಹೇಳಿದ್ದು ಆ ಎಲುಬುಗಳೇ.

ಹಾಗಂತ ಭೀಮೆಯ ದಂಡೆಯಲ್ಲಿ ಸಿಕ್ಕ ಪ್ರತಿ ಹಲ್ಲೂ ಅಪರೂಪದ್ದಲ್ಲ. ಹೊಳೆಯಲ್ಲಿ ಬರುವ ಹಲ್ಲಿನಲ್ಲಿ ಹೆಚ್ಚಿನವು ದನ, ಎಮ್ಮೆಯವೇ. ಆದರೆ ನೂರರಲ್ಲಿ ಒಂದು ಹಾಗಿಲ್ಲದಿದ್ದರೆ? ಅದನ್ನು ಗೊತ್ತುಮಾಡುವ ಅವಕಾಶ ಒಮ್ಮೆ ಮಾತ್ರ. ಉಸುಕು ತೆಗೆಯುವ ಯಂತ್ರ ಇಳಿದರೆ ಸಾವಿರಾರು ವರ್ಷದ ಪದರ ಒಂದು ದಿನದಲ್ಲಿ ಟ್ರಕ್ಕಿನಲ್ಲಿ ಕಲಸಿ ಹೋಗುತ್ತದೆ. ಹಲ್ಲು ಉಳಿದರೂ ಅದರ ವಿಳಾಸ ಉಳಿಯುವುದಿಲ್ಲ.

2007ರಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಮೆಸಾ ಪಟ್ಟಣದಲ್ಲಿ ಹೊಸ ವಾಲ್‌ಮಾರ್ಟ್ ಅಂಗಡಿಯ ಜಾಗದಲ್ಲಿ ಗಿಡ ನೆಡಲು ಗುಂಡಿ ತೋಡಿದಾಗ ಎಲುಬು ಸಿಕ್ಕವು. ಕೆಲಸದವರು ಅದನ್ನು ಕಸಕ್ಕೆ ಎಸೆಯಲಿಲ್ಲ. ತಜ್ಞರು ಬಂದು ನೋಡಿದರೆ ಅದು ಹಿಮಯುಗದ ಒಂಟೆ. ಗುಂಡಿ ತೋಡಿದವರು ವಿಜ್ಞಾನಿಗಳೇನಲ್ಲ, ಕೈ ತಡೆದು ನಿಂತರು ಅಷ್ಟೇ.

ಸಿಕ್ಕರೆ ಏನು ಮಾಡಬೇಕು?

ನಮ್ಮ ಹಳ್ಳಿಗಳಲ್ಲಿ ಇಂಥದ್ದು ಸಿಕ್ಕಾಗ ಆಗುವುದು ಮೂರು. ರಾಕ್ಷಸನ ಹಲ್ಲು ಅಂತ ಗುಡಿಯಲ್ಲಿಡುವುದು, ಮಕ್ಕಳು ಆಡಿ ಕಳೆಯುವುದು, ಇಲ್ಲವೇ ಇದಕ್ಕೆ ಲಕ್ಷ ರೂಪಾಯಿ ಬರುತ್ತದೆ ಅಂತ ಯಾರೋ ಹೇಳಿದ್ದು ಕೇಳಿ ಮುಚ್ಚಿಡುವುದು. ಇವುಗಳ ಬದಲು ಮಾಡಬೇಕಾದ್ದು ಹೆಚ್ಚೇನಿಲ್ಲ.

ದಂಡೆಯ ಗೋಡೆಯಲ್ಲಿ ಇನ್ನೂ ಹೂತುಕೊಂಡಿದ್ದರೆ ಕೀಳಬೇಡಿ. ಮೊಬೈಲಿನಲ್ಲಿ ಮೊದಲು ದೂರದಿಂದ ದಂಡೆ ಪೂರ್ತಿ ಕಾಣುವ ಫೋಟೊ, ಆಮೇಲೆ ಹತ್ತಿರದಿಂದ ಒಂದು ತೆಗೆಯಿರಿ. ಪಕ್ಕದಲ್ಲಿ ಸ್ಕೇಲು ಇಡಿ, ಇಲ್ಲದಿದ್ದರೆ ಒಂದು ನಾಣ್ಯ. ಬಿಡಿಯಾಗಿ ಬಿದ್ದಿದ್ದರೆ ಅರೆಯುವ ಮುಖ, ಎರಡೂ ಪಕ್ಕ, ಬುಡ, ನಾಲ್ಕೂ ಕಡೆಯ ಚಿತ್ರ ಬೇಕು. ಊರು, ಹಳ್ಳ, ಯಾರ ಹೊಲದ ಹತ್ತಿರ, ಮೇಲಿನಿಂದ ಎಷ್ಟು ಅಡಿ ಕೆಳಗೆ, ಕಂಕರಿನಲ್ಲೋ ಎರೆಮಣ್ಣಿನಲ್ಲೋ, ತಾರೀಖು ಯಾವುದು ಅಂತ ಚೀಟಿ ಬರೆದು ಜೊತೆಗಿಡಿ. ಆ ಚೀಟಿಯ ಬೆಲೆ ಹಲ್ಲಿನಷ್ಟೇ. ಆಸಿಡ್ ಹಾಕಿ ತೊಳೆಯುವುದು, ಬೆಂಕಿಗೆ ಹಿಡಿದು ನೋಡುವುದು, ವಾರ್ನಿಶ್ ಬಳಿಯುವುದು ಬೇಡವೇ ಬೇಡ. ಡಿಎನ್‌ಎ, ಕಾರ್ಬನ್ ಪರೀಕ್ಷೆಗೆ ಅದರಿಂದ ಅಡ್ಡಿ.

ನೋಡಿ ಹೇಳುವವರು ದೂರದಲ್ಲೇನೂ ಇಲ್ಲ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವ ವಿಭಾಗದಲ್ಲಿ ಹಳೇ ಪ್ರಾಣಿಗಳ ಎಲುಬಿನ ಅಧ್ಯಯನ ದಶಕಗಳಿಂದ ನಡೆದಿದೆ. ಅಲ್ಲಿಯ ಜಿ.ಎಲ್. ಬಾದಾಮ್ ಅವರು 1979ರಲ್ಲಿ ಭಾರತದ ಹಿಮಯುಗ ಕಾಲದ ಪ್ರಾಣಿಗಳ ಮೇಲೆ ಗ್ರಂಥವನ್ನೇ ಪ್ರಕಟಿಸಿದ್ದಾರೆ. ಭೂವಿಜ್ಞಾನ ಸರ್ವೇಕ್ಷಣೆಗೂ ತಿಳಿಸಬಹುದು. ಹತ್ತಿರದ ಕಾಲೇಜಿನ ಭೂಗೋಳ ಇಲ್ಲವೇ ಪ್ರಾಣಿಶಾಸ್ತ್ರದ ಮಾಸ್ತರರ ಮೂಲಕ ಹೋದರೆ ಇನ್ನೂ ಸಲೀಸು. ಪಳೆಯುಳಿಕೆಗಳ ರಕ್ಷಣೆಗೆ ಪ್ರತ್ಯೇಕ ಕಾನೂನು ತರಲು ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಕರಡು ಮಸೂದೆ ಹೊರಡಿಸಿ ಜನರ ಅಭಿಪ್ರಾಯ ಕೇಳಿತ್ತು. ಕಾನೂನಿಗಿಂತ ಮೊದಲು ಬೇಕಾದದ್ದು ದಂಡೆಯಲ್ಲಿ ನಿಂತವನ ಎಚ್ಚರ.

ಮನೆಯಲ್ಲಿ, ಗುಡಿಯಲ್ಲಿ ಅಂಥ ಕಲ್ಲಾದ ಹಲ್ಲು ಈಗಾಗಲೇ ಇದ್ದರೆ ಅದನ್ನು ತಂದವರು ಬದುಕಿರುವಾಗಲೇ, ಎಲ್ಲಿ ಸಿಕ್ಕಿತು ಎಂದು ಕೇಳಿ ಬರೆದಿಡುವುದು ಒಳ್ಳೆಯದು. ಅದು ಎತ್ತಿನದೋ, ಕುದುರೆಯದೋ, ಇನ್ನಾವುದರದೋ ಎಂದು ಬಲ್ಲವರು ನಾಳೆಯಾದರೂ ಹೇಳಿಯಾರು. ಎಲ್ಲಿ ಸಿಕ್ಕಿತು ಎಂಬುದನ್ನು ಹೇಳಬೇಕಾದವರು ಮಾತ್ರ ನಾವೇ.